ಕೇಳಿ ಹೇಳ್ತೀನಿ: ಕಲ್ಲೆಷ್ಟು, ಇದ್ದಿಲೆಷ್ಟು?

ಹೋದ ತಿಂಗಳು ಕರೆಂಟ್ ಬಿಲ್ ಬಗ್ಗೆ ಬರೀತಾ ಕಲ್ಲಿದ್ದಲು ಅನ್ನೋ ಪದ ಒಂದೇ ಒಂದ್ಸಲ ಬಂದಿತ್ತು, ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಸರಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ. ಥರ್ಮಲ್ ಸ್ಟೇಷನ್ ಕಂಟ್ರೋಲ್ ರೂಮಲ್ಲಿ ನೈಟ್ ಶಿಫ್ಟ್ ಮಾಡಿ ಮಾಡಿ ತಲೆ ಬೆಳ್ಳಗಾದವನು ನಾನು, ಸ್ವಲ್ಪ ಜಾಸ್ತಿ ಮಾತಾಡಿದ್ರೆ ಸಹಿಸ್ಕೊಳ್ಳಿ.

ಪ್ರಶ್ನೆ: ಸರ್, ನಮ್ಮನೇಲಿ ತಿಂಗಳಿಗೆ 100 ಯೂನಿಟ್ ಖರ್ಚಾಗತ್ತೆ. ಅದಷ್ಟೂ ಕಲ್ಲಿದ್ದಲಿಂದಲೇ ಬಂದ್ರೆ ಎಷ್ಟು ಕೆಜಿ ಸುಡಬೇಕು? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಇದನ್ನೇ ಮೊದ್ಲು ತಗೋತೀನಿ ಕಣಮ್ಮ, ಯಾಕಂದ್ರೆ ಈ ಲೆಕ್ಕ ಕೈಲಿದ್ರೆ ಮಿಕ್ಕಿದ್ದೆಲ್ಲ ಸಲೀಸು. ನಮ್ಮ ಥರ್ಮಲ್ ಸ್ಟೇಷನ್‌ಗಳಿಗೆ ಬರೋ ಮಾಲಲ್ಲಿ ಕೆಜಿಗೆ 3,500 ಕಿಲೋಕ್ಯಾಲರಿ ಆಸುಪಾಸು ಶಾಖ ಇರತ್ತೆ ಅಂತ ಇಟ್ಕೋ. ಒಂದು ಯೂನಿಟ್ ಕರೆಂಟು ಅಂದ್ರೆ ಪುಸ್ತಕದ ಲೆಕ್ಕದಲ್ಲಿ 860 ಕಿಲೋಕ್ಯಾಲರಿ ಅಷ್ಟೇ, ಆದ್ರೆ ಹಳೇ ಮಷಿನ್‌ಗಳು ಅದನ್ನ ಕೊಡೋಕೆ 2,400 ಹತ್ರ ತಿಂದುಬಿಡ್ತವೆ, ಮಿಕ್ಕಿದ್ದು ಕೂಲಿಂಗ್ ಟವರ್‌ದು, ಚಿಮಣಿದು. 2,400ನ್ನ 3,500ರಿಂದ ಭಾಗಿಸು, 0.69 ಬರತ್ತೆ. ಅಂದ್ರೆ ಯೂನಿಟ್‌ಗೆ ಹತ್ತಿರತ್ತಿರ 700 ಗ್ರಾಂ, ನಿಮ್ಮನೆ 100 ಯೂನಿಟ್‌ಗೆ 70 ಕೆಜಿ. ಅದರಲ್ಲಿ ಮೂರರಲ್ಲೊಂದು ಪಾಲು ಬೂದಿ, ಅಂದ್ರೆ ತಿಂಗಳಿಗೆ ನಿಮ್ಮನೆ ಹೆಸರಲ್ಲಿ ಅರ್ಧ ಸಿಮೆಂಟ್ ಚೀಲದಷ್ಟು ಬೂದಿ ಎಲ್ಲೋ ಒಂದ್ಕಡೆ ಬೀಳ್ತಿರತ್ತೆ.

ಇದನ್ನೇ ಸ್ವಲ್ಪ ಹಿಗ್ಗಿಸಿ ನೋಡು. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಶುರುವಾದ ಆರ್‌ಟಿಪಿಎಸ್ ಇದೆಯಲ್ಲ, ಅಲ್ಲಿ 210 ಮೆಗಾವ್ಯಾಟ್‌ದು ಏಳು, 250ರದ್ದು ಒಂದು, ಒಟ್ಟು 1,720 ಮೆಗಾವ್ಯಾಟ್. ಒಂದು 210 ಮೆಗಾವ್ಯಾಟ್ ಯೂನಿಟ್ (ನಮ್ಮಲ್ಲಿ ಯೂನಿಟ್‌ಗೆ ಎರಡರ್ಥ, ಮೀಟರಲ್ಲಿ ಓಡೋದೂ ಯೂನಿಟ್ಟೇ, ಬಾಯ್ಲರ್ ಟರ್ಬೈನ್ ಜೋಡಿನೂ ಯೂನಿಟ್ಟೇ) ಫುಲ್ ಲೋಡಲ್ಲಿ ಓಡಿದ್ರೆ ಗಂಟೆಗೆ 145 ಟನ್, ದಿನಕ್ಕೆ 3,500 ಟನ್ ಬೇಕು. ಒಂದು ಗೂಡ್ಸ್ ರೇಕಲ್ಲಿ 58, 59 ವ್ಯಾಗನ್, ಅದರಲ್ಲಿ ನಾಲ್ಕು ಸಾವಿರ ಟನ್ ಹತ್ರ ಬರತ್ತೆ. ಅಂದ್ರೆ ಒಂದು ಯೂನಿಟ್‌ಗೆ ದಿನಕ್ಕೆ ಹೆಚ್ಚೂಕಮ್ಮಿ ಒಂದು ರೈಲು. ಎಂಟೂ ಓಡಿದ್ರೆ ಏಳೆಂಟು ರೈಲು, ಪ್ರತಿದಿನ, ಹಬ್ಬ ಇರ್ಲಿ ಭಾನುವಾರ ಇರ್ಲಿ.

ಪ್ರಶ್ನೆ: ದೇಶದಲ್ಲಿ 200 ವರ್ಷಕ್ಕಾಗೋಷ್ಟು ಕಲ್ಲಿದ್ದಲು ಇದೆ ಅಂತಾರೆ. ಬೇಸಿಗೆ ಬಂತಂದ್ರೆ ನಾಲ್ಕು ದಿನಕ್ಕಾಗೋಷ್ಟೇ ಸ್ಟಾಕ್ ಇದೆ ಅಂತ ಟಿವಿಲಿ ಬಾಯಿ ಬಡ್ಕೋತಾರೆ. ಇವೆರಡರಲ್ಲಿ ಸುಳ್ಳು ಯಾವ್ದು ಹೇಳಿ ಸಾರ್. (ಕಿರಾಣಿ ಅಂಗಡಿಯವರು, ಸಿಂಧನೂರು)

ಉತ್ತರ: ಸ್ವಾಮಿ, ಎರಡೂ ನಿಜ, ಅದೇ ತಮಾಷೆ. ನೀವು ಅಂಗಡಿಯವರು, ನಿಮಗೆ ಅರ್ಥ ಆಗತ್ತೆ: ಎಪಿಎಂಸಿ ತುಂಬ ಅಕ್ಕಿ ಇದೆ ಅಂತ ನಿಮ್ಮ ಅಂಗಡಿ ಮೂಟೆ ತುಂಬಲ್ಲ.

ಮೊದ್ಲು ಆ 200 ವರ್ಷದ ಲೆಕ್ಕ ಎಲ್ಲಿಂದ ಬಂತು ನೋಡೋಣ. 2023ರ ಏಪ್ರಿಲ್ 1ರ ಲೆಕ್ಕದಲ್ಲಿ ದೇಶದ ನೆಲದೊಳಗಿರೋ ಕಲ್ಲಿದ್ದಲು ಸುಮಾರು 37,800 ಕೋಟಿ ಟನ್, ಅದರಲ್ಲಿ ಬೋರ್ ಹಾಕಿ ನೋಡಿ ಇದೆ ಅಂತ ಖಾತ್ರಿ ಮಾಡ್ಕೊಂಡಿದ್ದು ಸುಮಾರು 19,900 ಕೋಟಿ. 2024-25ರಲ್ಲಿ ನಾವು ತೆಗೆದಿದ್ದು 104 ಕೋಟಿ ಟನ್ ಮೇಲೆ, ಮೊದಲನೇ ಸಲ ನೂರು ಕೋಟಿ ದಾಟಿದ ವರ್ಷ ಅದು. ಭಾಗಾಕಾರ ಮಾಡಿದ್ರೆ 190 ಬರತ್ತೆ, ಭಾಷಣ ಮಾಡೋರು ಅದನ್ನ 200 ಮಾಡ್ಕೋತಾರೆ. ಆದ್ರೆ ಈ ಲೆಕ್ಕ 1,200 ಮೀಟರ್ ಆಳದವರೆಗೂ ಇರೋದನ್ನೆಲ್ಲ ಸೇರಿಸ್ಕೊಂಡಿದ್ದು. ನಾವು ತೆಗೆಯೋದ್ರಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ತೆರೆದ ಗಣಿಯಿಂದ, ಅಂದ್ರೆ ಮೇಲಿನ ಮಣ್ಣು ಬಂಡೆ ಎತ್ತಿ ಪಕ್ಕಕ್ಕೆ ಗುಡ್ಡ ಹಾಕಿ ಕೆಳಗಿಂದು ಬಾಚ್ಕೊಳೋದು. ಅಷ್ಟು ಆಳಕ್ಕೆ ಹಾಗೆ ಬಾಚೋಕೆ ಆಗಲ್ಲ. ಮೇಲೆ ಕಾಡಿರತ್ತೆ, ಊರಿರತ್ತೆ, ರೈಲ್ವೆ ಲೈನ್ ಇರತ್ತೆ. ಜಾರ್ಖಂಡಿನ ಝರಿಯಾದಲ್ಲಂತೂ 1916ರಿಂದ ನೆಲದೊಳಗೆ ಬೆಂಕಿ ಉರೀತಾನೇ ಇದೆ, ಉಕ್ಕು ಮಾಡೋಕೆ ಬೇಕಾಗೋ ಒಳ್ಳೇ ಕೋಕಿಂಗ್ ಕಲ್ಲಿದ್ದಲು ಅದು, ಯಾರಿಗೂ ಉಪಯೋಗ ಇಲ್ಲದೆ ಸುಟ್ಟು ಹೋಗ್ತಿದೆ. ಹಾಗಾಗಿ ನೆಲದಲ್ಲಿ ಇರೋದೇ ಬೇರೆ, ಕೈಗೆ ಸಿಗೋದೇ ಬೇರೆ.

ಈಗ ನಾಲ್ಕು ದಿನದ ಸ್ಟಾಕಿನ ಕಥೆ. ನಿಯಮದ ಪ್ರಕಾರ ಗಣಿ ಬಾಯಲ್ಲೇ ಇರೋ ಸ್ಟೇಷನ್ 12ರಿಂದ 17 ದಿನದ್ದು ಇಟ್ಕೋಬೇಕು, ನಮ್ಮ ರಾಯಚೂರಿನ ಹಾಗೆ ದೂರ ಇರೋರು 20ರಿಂದ 26 ದಿನದ್ದು. ಹಾಳೆ ಮೇಲೆ ಚೆನ್ನಾಗೇ ಇದೆ. ಆದ್ರೆ ಸ್ಟಾಕ್ ಮಾಡಬೇಕಂದ್ರೆ ದುಡ್ಡು ಕಟ್ಟಬೇಕು, ಎಸ್ಕಾಂನೋರು ಉತ್ಪಾದನಾ ಕಂಪನಿಗೆ ಬಾಕಿ ಇಟ್ಕೊಂಡಿರ್ತಾರೆ, ಉತ್ಪಾದನಾ ಕಂಪನಿ ಕಲ್ಲಿದ್ದಲು ಕಂಪನಿಗೆ ಬಾಕಿ ಇಟ್ಕೊಂಡಿರತ್ತೆ, ಬಾಕಿ ಇರೋರಿಗೆ ರೇಕ್ ಕೊನೇಲಿ. ದುಡ್ಡಿದ್ರೂ ರೇಕ್ ಸಿಗಬೇಕು. 2022ರ ಏಪ್ರಿಲ್‌ನಲ್ಲಿ ಕಲ್ಲಿದ್ದಲು ರೈಲಿಗೆ ದಾರಿ ಬಿಡೋಕೆ ಅಂತ ಪ್ಯಾಸೆಂಜರ್ ರೈಲುಗಳನ್ನೇ ಕ್ಯಾನ್ಸಲ್ ಮಾಡಿದ್ರು, ನೆನಪಿರಬೇಕು. ಇನ್ನು ಮಳೆಗಾಲ. ತೆರೆದ ಗಣಿಗೆ ನೀರು ತುಂಬ್ಕೊಳತ್ತೆ, ಡಂಪರ್ ಹತ್ತೋ ದಾರಿ ಕೆಸರು, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಇಳಿದೇ ಇಳಿಯತ್ತೆ. ಅದಕ್ಕೆ ಮುಂಚೆ ಏಪ್ರಿಲ್ ಮೇನಲ್ಲೇ ಕೂಡಿಡಬೇಕು, ಆದ್ರೆ ಏಪ್ರಿಲ್ ಮೇನಲ್ಲಿ ಎಸಿ ಪಂಪ್‌ಸೆಟ್ ಎಲ್ಲ ಸೇರಿ ಬಂದಿದ್ದನ್ನ ಬಂದಂಗೇ ಸುಡಿಸಿಬಿಡ್ತವೆ. 2021ರ ಅಕ್ಟೋಬರ್‌ನಲ್ಲಿ ದೇಶದ ತುಂಬ ಸ್ಟಾಕ್ ಖಾಲಿ ಆಗಿದ್ದೂ ಹೀಗೇ, ಕೋವಿಡ್ ಆದ್ಮೇಲೆ ಬೇಡಿಕೆ ಒಂದೇ ಸಲ ಎದ್ದಿತು, ಗಣಿಗಳಲ್ಲಿ ಮಳೆ ನಿಂತಿರಲಿಲ್ಲ.

ಸ್ಟಾಕ್ ಇದ್ದೂ ಇಲ್ಲದಂಗೆ ಆಗೋದೂ ಇದೆ, ಅದನ್ನ ಹೇಳ್ಬಿಡ್ತೀನಿ. ಯಾವ ಸ್ಟೇಷನ್ ಅಂತ ಬೇಡ, ಒಂದು ಜುಲೈ ರಾತ್ರಿ, ಎರಡೂವರೆ ಇರಬೇಕು, ಯಾರ್ಡಲ್ಲಿ ಬೇಕಾದಷ್ಟು ಕಲ್ಲಿದ್ದಲು ಗುಡ್ಡೆ ಬಿದ್ದಿದೆ, ಆದ್ರೆ ಮೂರು ದಿನದ ಮಳೆಗೆ ನೆನೆದು ಬೆಲ್ಲದ ಪಾಕ ಆಗಿದೆ. ಬಂಕರ್ (ಕಲ್ಲಿದ್ದಲು ತುಂಬಿಡೋ ತಗಡಿನ ದೊಡ್ಡ ಡಬ್ಬ) ತುಂಬಿದೆ, ಕೆಳಗೆ ಅದನ್ನ ಪುಡಿ ಮಾಡೋ ಮಿಲ್ಲಿಗೆ ಮಾತ್ರ ಇಳೀತಿಲ್ಲ, ಒಳಗೆ ಕಚ್ಕೊಂಡುಬಿಟ್ಟಿದೆ. ಕೋಲ್ ಫೀಡರ್ ಹತ್ರ ನಾಲ್ಕು ಜನ ಸುತ್ತಿಗೆ ಹಿಡ್ಕೊಂಡು ಬಂಕರ್ ತಗಡಿಗೆ ಧಡ್ ಧಡ್ ಅಂತ ಬಡೀತಿದಾರೆ, ಎರಡು ಬಡಿತಕ್ಕೊಂದ್ಸಲ ಧುಪ್ ಅಂತ ಒಂದಿಷ್ಟು ಬೀಳತ್ತೆ, ಮತ್ತೆ ನಿಲ್ಲತ್ತೆ. ಇಲ್ಲಿ ಕಂಟ್ರೋಲ್ ರೂಮಲ್ಲಿ ಬೆಂಕಿ ಅಲುಗಾಡ್ತಿದೆ, ಲೋಡ್ 200 ಮೆಗಾವ್ಯಾಟ್‌ನಿಂದ 130ಕ್ಕೆ ಇಳಿಸಿ, ಆಯಿಲ್ ಗನ್ ಹಾಕಿ ಫರ್ನೇಸ್ ಆಯಿಲ್ ಸುಟ್ಟು ಬೆಂಕಿ ಉಳಿಸ್ಕೊಂಡ್ವಿ. ಬೆಳಿಗ್ಗೆ ಬೆಲ್ಟ್ ಮೇಲಿಂದ ಆರಿಸಿ ಹಾಕಿದ ಬಂಡೆಗಳ ರಾಶಿ ತೋರಿಸಿ ಒಬ್ಬ ಕಾಂಟ್ರಾಕ್ಟ್ ಹುಡುಗ ಹೇಳಿದ, ‘ಸಾರ್, ಹೆಸರಲ್ಲೇ ಇದೆಯಲ್ಲ, ಕಲ್ಲು ಮೊದ್ಲು, ಇದ್ದಿಲು ಆಮೇಲೆ.’ ಈ ಅಂಕಣದ ತಲೆಬರಹ ಅವನದ್ದೇ ಅಂದ್ಕೊಳ್ಳಿ.

ಅದಕ್ಕೇ ಟನ್ ಲೆಕ್ಕ ನೋಡಿ ಮೋಸ ಹೋಗಬಾರದು. ನಮ್ಮ ಕಲ್ಲಿದ್ದಲನ್ನ ಶಾಖದ ಮೇಲೆ ಜಿ-1ರಿಂದ ಜಿ-17ರವರೆಗೆ ದರ್ಜೆ ಮಾಡ್ತಾರೆ, ಗಣಿ ಹತ್ರ ಒಂದು ದರ್ಜೆ ಅಂತ ಬಿಲ್ ಆಗಿದ್ದು ಸ್ಟೇಷನ್‌ಗೆ ಬರೋಷ್ಟರಲ್ಲಿ ಎರಡು ದರ್ಜೆ ಕೆಳಗಿರತ್ತೆ ಅಂತ ಜಗಳ ನಿಲ್ಲೋದೇ ಇಲ್ಲ, ಮೂರನೆಯವರಿಂದ ಸ್ಯಾಂಪಲ್ ತೆಗೆಸೋ ಪದ್ಧತಿ ಬಂದ್ಮೇಲೂ.

ಪ್ರಶ್ನೆ: ಕರ್ನಾಟಕದಲ್ಲಿ ಚಿನ್ನ ಇದೆ, ಕಬ್ಬಿಣ ಇದೆ, ಕಲ್ಲಿದ್ದಲು ಯಾಕಿಲ್ಲ? (ಹೈಸ್ಕೂಲ್ ಮೇಷ್ಟ್ರು, ಹಾಸನ)

ಉತ್ತರ: ಮೇಷ್ಟ್ರೇ, ನಮ್ಮ ನೆಲ ಬಹಳ ಹಳೇದು, ಅದೇ ಕಾರಣ. ನಮ್ಮ ಬಹುಪಾಲು ಬಂಡೆಗಳಿಗೆ 250 ಕೋಟಿ ವರ್ಷ, ಅದಕ್ಕಿಂತಲೂ ಜಾಸ್ತಿ ವಯಸ್ಸು. ಆಗ ನೆಲದ ಮೇಲೆ ಮರ ಅನ್ನೋದೇ ಇರ್ಲಿಲ್ಲ, ಮರ ಇಲ್ದೆ ಕಲ್ಲಿದ್ದಲು ಎಲ್ಲಿಂದ. ದೇಶದ ಹೆಚ್ಚಿನ ಕಲ್ಲಿದ್ದಲು 25, 30 ಕೋಟಿ ವರ್ಷದ ಹಿಂದೆ ಗೊಂಡ್ವಾನ ಕಾಲದ ಜೌಗು ಕಾಡುಗಳು ದಾಮೋದರ, ಮಹಾನದಿ, ಸೋನ್, ಗೋದಾವರಿ ಕಣಿವೆಗಳ ಕುಸಿದ ನೆಲದಲ್ಲಿ ಹೂತು ಆಗಿದ್ದು. ಆ ಸಾಲು ತೆಲಂಗಾಣದ ಸಿಂಗರೇಣಿವರೆಗೆ ಬಂದು ನಿಂತಿತು. ಅದಕ್ಕೇ ನಮಗೆ ಸಿಂಗರೇಣಿ ಹತ್ತಿರದ ನೆಂಟ, ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್ ಸಾವಿರ ಕಿಲೋಮೀಟರ್ ಆಚೆಯ ನೆಂಟ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಹೊರದೇಶದಿಂದ ಯಾಕೆ ತರ್ತಾರೆ? ಇದರಲ್ಲಿ ಏನೋ ಇದೆ ಅಂತ ನನ್ನ ಅನುಮಾನ. (ನಿವೃತ್ತ ಬ್ಯಾಂಕ್ ನೌಕರರು, ಉಡುಪಿ)

ಉತ್ತರ: ಅನುಮಾನ ಇಟ್ಕೊಳ್ಳಿ, ತಪ್ಪಿಲ್ಲ, ಆದ್ರೆ ಎಲ್ಲದಕ್ಕೂ ಅದೇ ಉತ್ತರ ಅಲ್ಲ. 2024-25ರಲ್ಲೂ 24 ಕೋಟಿ ಟನ್ ಮೇಲೆ ಆಮದಾಗಿದೆ. ಅದರಲ್ಲಿ ಒಂದು ಭಾಗ ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು, ನಮ್ಮಲ್ಲಿ ಅದು ಕಮ್ಮಿ, ಇರೋದ್ರಲ್ಲೂ ಬೂದಿ ಜಾಸ್ತಿ, ಹಾಗಾಗಿ ಆಸ್ಟ್ರೇಲಿಯಾದ ಕಡೆ ನೋಡಲೇಬೇಕು. ಇನ್ನೊಂದು ಭಾಗ ಸಮುದ್ರದ ದಡದಲ್ಲಿ ಹೊರಗಿನ ಮಾಲಿಗೇ ಅಂತ ಕಟ್ಟಿದ ಸ್ಟೇಷನ್‌ಗಳದ್ದು. ನಿಮ್ಮೂರ ಪಕ್ಕದಲ್ಲೇ ಇದೆಯಲ್ಲ ಸಾರ್, 600ರದ್ದು ಎರಡು, 1,200 ಮೆಗಾವ್ಯಾಟ್, ಮಂಗಳೂರು ಬಂದರಿಂದ ಅದಕ್ಕೆ ಬರೋದೆಲ್ಲ ಆಮದು ಮಾಲು. ಕಮ್ಮಿ ಬೂದಿ, ಜಾಸ್ತಿ ಶಾಖ ಅಂತ ಅಳತೆ ಕೊಟ್ಟು ಮಾಡಿಸಿದ ಬಾಯ್ಲರ್‌ಗೆ ನಮ್ಮ 35, 40 ಪರ್ಸೆಂಟ್ ಬೂದಿ ಮಾಲು ಸುರಿದ್ರೆ ಟ್ಯೂಬ್‌ಗಳು ಸವೆದು ತೂತಾಗ್ತವೆ, ಬೂದಿ ಎತ್ತೋ ಸಿಸ್ಟಂ ಕೈ ಎತ್ತಿಬಿಡತ್ತೆ.

ತೊಂದ್ರೆ ಏನಂದ್ರೆ ಆ ಬೆಲೆ ನಮ್ಮ ಕೈಲಿರಲ್ಲ. 2022ರ ಜನವರಿಲಿ ಇಂಡೋನೇಷ್ಯಾ ರಫ್ತು ನಿಲ್ಲಿಸ್ತು, ಮುಂದಿನ ತಿಂಗಳೇ ಉಕ್ರೇನ್ ಯುದ್ಧ, ಬೆಲೆ ಮುಗಿಲಿಗೆ. ಆಮದು ಸ್ಟೇಷನ್‌ಗಳು ಬಾಗಿಲು ಹಾಕ್ಕೊಂಡು ಕೂತ್ವು, ಕೊನೆಗೆ ಮೇ ತಿಂಗಳಲ್ಲಿ ಕೇಂದ್ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡ್ಕೊಂಡು ಓಡಿಸಲೇಬೇಕು ಅಂತ ಆದೇಶ ಮಾಡ್ತು. ಅದೇ ಹೊತ್ತಲ್ಲಿ ದೇಶದ ಮಾಲು ಸುಡೋರಿಗೂ 10 ಪರ್ಸೆಂಟ್ ಆಮದು ಬೆರೆಸಿ ಅಂದ್ರು, ಬಹಳ ರಾಜ್ಯಗಳು ಮುಖ ಸಿಂಡರಿಸಿದ್ವು. ನನ್ನ ಅಭಿಪ್ರಾಯ ಕೇಳಿದ್ರೆ, ಆ ವರ್ಷ ಕೊರತೆ ಇದ್ದಿದ್ದು ಗಣಿಲಲ್ಲ, ಹಳಿ ಮೇಲೆ. ಹಳಿ ರೋಗಕ್ಕೆ ಹಡಗಿನ ಔಷಧ ಕೊಟ್ರು.

ಪ್ರಶ್ನೆ: ಗಣಿಗಳೆಲ್ಲ ಸರ್ಕಾರದ್ದೇನಾ, ಖಾಸಗಿಯವರದ್ದಾ? (ಓದುಗರು, ಹುಬ್ಬಳ್ಳಿ)

ಉತ್ತರ: ಚುಟುಕಾಗಿ ಹೇಳ್ತೀನಿ. 1973ರ ಹೊತ್ತಿಗೆ ರಾಷ್ಟ್ರೀಕರಣ ಆಯ್ತು, 1975ರಲ್ಲಿ ಕೋಲ್ ಇಂಡಿಯಾ ಹುಟ್ತು, ಈಗಲೂ ದೇಶದ ಮುಕ್ಕಾಲು ಪಾಲು ಹತ್ರ ಅದರದ್ದೇ. ಸಿಂಗರೇಣಿಲಿ ತೆಲಂಗಾಣದ್ದು 51, ಕೇಂದ್ರದ್ದು 49. ನಡುವೆ ಸ್ವಂತ ಬಳಕೆಗೆ ಅಂತ ಹರಾಜಿಲ್ದೆ ಹಂಚಿದ ಬ್ಲಾಕ್‌ಗಳಲ್ಲಿ 204ನ್ನ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡ್ತು. 2020ರಿಂದ ಯಾರು ಬೇಕಾದ್ರೂ ಹರಾಜಲ್ಲಿ ತಗೊಂಡು ಯಾರಿಗೆ ಬೇಕಾದ್ರೂ ಮಾರಬಹುದು. ನಮ್ಮ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್‌ಗೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಬರಂಜ್ ಗಣಿ ಇದೆ.

ಪ್ರಶ್ನೆ: ಮಳೆಗಾಲದಲ್ಲಿ ಥರ್ಮಲ್ ಸ್ಟೇಷನ್ ನಿಲ್ಲಿಸಿರ್ತಾರೆ, ಆದ್ರೂ ಕೋಟಿಗಟ್ಟಲೆ ಕೊಡ್ತಾರಂತೆ. ಓಡದ ಬಸ್ಸಿಗೆ ಟಿಕೆಟ್ ತಗೊಂಡಂಗಲ್ವಾ ಇದು? (ಸಣ್ಣ ಕೈಗಾರಿಕೆ ಮಾಲೀಕರು, ಪೀಣ್ಯ)

ಉತ್ತರ: ಟಿಕೆಟ್ ಅಲ್ಲ ಸರ್, ಛತ್ರದ ಬಾಡಿಗೆ. ಮದುವೆಗೆ ಛತ್ರ ಬುಕ್ ಮಾಡಿದ್ಮೇಲೆ ಜನ 800 ಬರಲಿ 80 ಬರಲಿ ಬಾಡಿಗೆ ಬಾಡಿಗೆಯೇ, ಅಡುಗೆ ಸಾಮಾನು ಮಾತ್ರ ಬಂದೋರ ಲೆಕ್ಕದ ಮೇಲೆ. ವಿದ್ಯುತ್ ಖರೀದಿ ಒಪ್ಪಂದ, ಪಿಪಿಎ ಅಂತಾರಲ್ಲ, ಅದೂ ಹೀಗೇ 25 ವರ್ಷದ ಬುಕಿಂಗ್. ಸ್ಟೇಷನ್ ಕಟ್ಟಿದ ಸಾಲ, ಬಡ್ಡಿ, ಸಂಬಳ ಎಲ್ಲ ಫಿಕ್ಸೆಡ್ ಚಾರ್ಜ್, ಸುಟ್ಟ ಕಲ್ಲಿದ್ದಲಿನ ದುಡ್ಡು ವೇರಿಯಬಲ್ ಚಾರ್ಜ್. ವರ್ಷದಲ್ಲಿ 85 ಪರ್ಸೆಂಟ್ ಹೊತ್ತು ‘ನಾನು ರೆಡಿ’ ಅಂತ ಸ್ಟೇಷನ್ ತೋರಿಸಿದ್ರೆ ಫಿಕ್ಸೆಡ್ ಪೂರ್ತಿ ಕೊಡಬೇಕು, ನೀವು ಕರೆಂಟು ತಗೊಂಡ್ರಾ ಬಿಟ್ರಾ ಅನ್ನೋದು ನಿಮಗೆ ಬಿಟ್ಟಿದ್ದು.

ಯಾರನ್ನ ಓಡಿಸಬೇಕು ಅನ್ನೋದನ್ನ ಲೋಡ್ ಡೆಸ್ಪ್ಯಾಚ್ ಸೆಂಟರ್‌ನೋರು ದಿನಾನ 15 ನಿಮಿಷದ 96 ತುಂಡು ಮಾಡಿ ತೀರ್ಮಾನ ಮಾಡ್ತಾರೆ. ವೇರಿಯಬಲ್ ಯಾರದ್ದು ಕಮ್ಮಿ ಅವರು ಮೊದ್ಲು, ಇದಕ್ಕೆ ಮೆರಿಟ್ ಆರ್ಡರ್ ಅಂತಾರೆ. ಗಣಿ ಬಾಯಲ್ಲಿರೋನಿಗೆ ರೈಲು ಬಾಡಿಗೆ ಇಲ್ಲ, ಅವನು ಯಾವಾಗಲೂ ಮುಂದೆ. ನಮ್ಮೋರು ಸಾವಿರ ಕಿಲೋಮೀಟರ್ ಬಾಡಿಗೆ ಹೊತ್ಕೊಂಡು ಹಿಂದಿನ ಸಾಲು. ಜೂನ್ ಬಂದು ಗಾಳಿ ಎದ್ದು ಲಿಂಗನಮಕ್ಕಿ ತುಂಬಿದ್ರೆ ರಾಯಚೂರು ಬಳ್ಳಾರಿ ಯೂನಿಟ್‌ಗಳಿಗೆ ರಜೆ, ಬಾಡಿಗೆ ಮೀಟರ್ ಮಾತ್ರ ಓಡ್ತಿರತ್ತೆ. ನ್ಯಾಯಾನಾ ಅಂದ್ರೆ, ಬುಕ್ ಮಾಡಿದ್ದು ತಪ್ಪಲ್ಲ, ಬರೋ ನೆಂಟರನ್ನ ಜಾಸ್ತಿ ಅಂದಾಜು ಮಾಡಿ ದೊಡ್ಡ ಛತ್ರ ಬುಕ್ ಮಾಡಿದ್ದು ತಪ್ಪು. ಹಾಗಂತ ಬುಕಿಂಗೇ ಬೇಡ ಅಂತ ಎಕ್ಸ್‌ಚೇಂಜ್, ಅಂದ್ರೆ ದಿನದ ರೇಟಿಗೆ ಕರೆಂಟ್ ಮಾರೋ ಸಂತೆ, ನಂಬ್ಕೊಂಡ್ರೆ ಏಪ್ರಿಲ್ ಸಂಜೆ ಯೂನಿಟ್ ರೇಟು ಮಿತಿಯಾದ 10 ರೂಪಾಯಿಗೆ ಹೋಗಿ ತಲೆ ತಾಗಿಸಿಕೊಂಡು ಕೂತಿರತ್ತೆ, ಆ ರೇಟಿಗೂ ಕೇಳಿದಷ್ಟು ಸಿಗಲ್ಲ.

ಪ್ರಶ್ನೆ: ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಆದ್ರೂ ಸರ್ಕಾರ ಹೊಸ ಕಲ್ಲಿದ್ದಲು ಸ್ಟೇಷನ್ ಕಟ್ತೀವಿ ಅನ್ನುತ್ತಲ್ಲ, ಇದು ಹಿಂದಕ್ಕೆ ಹೋದಂಗಲ್ವಾ ಅಂಕಲ್? (ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉತ್ತರ: ಪಾವಗಡದ 2,050 ಮೆಗಾವ್ಯಾಟ್ ಮಧ್ಯಾಹ್ನ ಹನ್ನೆರಡಕ್ಕೆ ರಾಜ, ಸಂಜೆ ಏಳಕ್ಕೆ ಸೊನ್ನೆ. ಮನೆ ಮನೇಲಿ ಲೈಟು, ಮಿಕ್ಸಿ, ಟಿವಿ, ಎಸಿ ಶುರುವಾಗೋದು ಅದೇ ಏಳಕ್ಕೆ. 2025ರ ಜೂನ್ ಹೊತ್ತಿಗೆ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು ಗ್ಯಾಸ್ ಅಲ್ಲದ್ದೇ ಆಗೋಯ್ತು, ಖುಷಿ ವಿಷಯ, ಆದ್ರೆ ಉರಿಯೋ ಕರೆಂಟಲ್ಲಿ ಸುಮಾರು 70 ಪರ್ಸೆಂಟ್ ಇನ್ನೂ ಕಲ್ಲಿದ್ದಲಿಂದೇ. 2024ರ ಮೇ 30ಕ್ಕೆ ದೇಶದ ಬೇಡಿಕೆ ಎರಡೂವರೆ ಲಕ್ಷ ಮೆಗಾವ್ಯಾಟ್ ಮುಟ್ಟಿತು. ಇದನ್ನ ನೋಡೇ 2032ರ ಒಳಗೆ ಇನ್ನೂ 80,000 ಮೆಗಾವ್ಯಾಟ್ ಕಲ್ಲಿದ್ದಲಿಂದು ಬೇಕು ಅಂತ ಕೇಂದ್ರ ಹೊರಟಿದ್ದು, ಅದೇ ಕೇಂದ್ರ 2070ಕ್ಕೆ ನೆಟ್ ಝೀರೋ, ಅಂದ್ರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನ ಹೀರ್ಕೊಂಡು ಸರಿದೂಗಿಸ್ತೀವಿ, ಅಂತ ಗ್ಲಾಸ್ಗೋದಲ್ಲಿ ಮಾತೂ ಕೊಟ್ಟಿದೆ.

ನನಗೆ ಕಾಡೋದು ಬೇರೆ. ಮಧ್ಯಾಹ್ನ ಸೋಲಾರ್ ಎದ್ದಾಗ ಥರ್ಮಲ್‌ನ 55 ಪರ್ಸೆಂಟ್‌ಗೆ ಇಳಿಸು ಅಂತಾರೆ, ಮುಂದೆ 40ಕ್ಕೆ ಇಳಿಸು ಅಂತ ನಿಯಮ ಬರ್ತಿದೆ. ಬಾಯ್ಲರ್ ಅನ್ನೋದು ಗ್ಯಾಸ್ ಒಲೆ ಅಲ್ಲ ಕಣಪ್ಪ, ಕಿವಿ ತಿರುಗಿಸಿದ್ರೆ ಸಣ್ಣಗಾಗೋಕೆ. ದಪ್ಪ ಲೋಹ ದಿನಾ ಕಾದು ಆರಿ ಕಾದು ಆರಿ ಬಿರುಕು ಬಿಡತ್ತೆ, ಕಮ್ಮಿ ಲೋಡಲ್ಲಿ ಯೂನಿಟ್‌ಗೆ ಕಲ್ಲಿದ್ದಲೂ ಜಾಸ್ತಿ ತಿನ್ನತ್ತೆ. ಈಗ ಕಟ್ಟೋ ಸ್ಟೇಷನ್ 25, 30 ವರ್ಷ ಇರತ್ತೆ, ಅದರಲ್ಲಿ ಮೊದಲ ಹತ್ತು ವರ್ಷ ಸಂಜೆಗೆ ಬೇಕು, ಆಮೇಲೆ ಬ್ಯಾಟರಿ ಅಗ್ಗ ಆಗಿಬಿಟ್ರೆ ಮತ್ತೆ ಮೇಲೆ ಹೇಳಿದ ಖಾಲಿ ಛತ್ರ. ಪಂಪ್ಡ್ ಸ್ಟೋರೇಜ್, ಅಂದ್ರೆ ಮಿಕ್ಕ ಕರೆಂಟಲ್ಲಿ ನೀರು ಮೇಲೆತ್ತಿ ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು, ಅದನ್ನ ಮಾಡೋಣ ಅಂದ್ರೆ ಶರಾವತಿಲಿ 2,000 ಮೆಗಾವ್ಯಾಟ್ ಯೋಜನೆ ಸಿಂಗಳೀಕದ ಕಾಡಿಗೆ ಕೈ ಹಾಕತ್ತೆ, ಅದು ನನಗೂ ಒಪ್ಪಿಗೆ ಇಲ್ಲ. ಹೊಸದಷ್ಟೂ ಬೇಡ ಅಂತ ಹೇಳೋಷ್ಟು ಧೈರ್ಯ ನನಗಿಲ್ಲ, 80,000ವೂ ಬೇಕು ಅನ್ನೋದನ್ನೂ ನಂಬಲ್ಲ.

ಪ್ರಶ್ನೆ: ನಮ್ಮೂರು ಥರ್ಮಲ್ ಹತ್ರ. ಒಣಗಹಾಕಿದ ಬಟ್ಟೆ ಮೇಲೆ ಬೂದಿ ಕೂರತ್ತೆ. ಹೊಗೆ ಶುದ್ಧ ಮಾಡೋ ಮಷಿನ್ ಹಾಕ್ತೀವಿ ಅಂದಿದ್ರು, ಈಗ ಬೇಡ ಅಂತಿದಾರಂತೆ. ನಿಜಾನಾ ಅಣ್ಣಾ? (ಗೃಹಿಣಿ, ರಾಯಚೂರು ಜಿಲ್ಲೆ)

ಉತ್ತರ: ತಂಗೀ, ಅದು ಎರಡು ಬೇರೆ ಬೇರೆ ಮಷಿನ್. ನಿಮ್ಮ ಬಟ್ಟೆ ಮೇಲೆ ಕೂರೋ ಬೂದಿ ಹಿಡಿಯೋದು ಇಎಸ್‌ಪಿ, ಹೈ ವೋಲ್ಟೇಜಲ್ಲಿ ಧೂಳನ್ನ ತಗಡಿಗೆ ಅಂಟಿಸಿ ಉದುರಿಸತ್ತೆ, ಅದು ಮೊದ್ಲಿಂದ ಇದೆ, ಇರಲೇಬೇಕು. 2003ಕ್ಕೆ ಮುಂಚಿನ ಯೂನಿಟ್‌ಗೆ ಮಿತಿ ಘನ ಮೀಟರ್‌ಗೆ 100 ಮಿಲಿಗ್ರಾಂ, 2017ರಿಂದ ಬಂದಿದ್ದಕ್ಕೆ 30. ಇಎಸ್‌ಪಿಯ ಒಂದು ಫೀಲ್ಡ್, ಅಂದ್ರೆ ಒಂದು ವಿಭಾಗ, ಕೆಟ್ಟು ನಿಂತ್ರೆ ಚಿಮಣಿ ಬಣ್ಣ ನೋಡೇ ಗೊತ್ತಾಗತ್ತೆ, ಹೊಗೆ ಬೂದು ಆಗತ್ತೆ. ಹಂಗಾದ ದಿನ ತಾರೀಕು, ಟೈಮು, ಫೋಟೋ ಇಟ್ಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೀರಿ, ಬರೀ ‘ಬೂದಿ ಬರ್ತಿದೆ’ ಅಂದ್ರೆ ಫೈಲಲ್ಲಿ ಮಲಗತ್ತೆ. ಬೂದಿ ಕೊಳ ಒಣಗಿ ಗಾಳಿಗೆ ಎದ್ದಿದ್ದಾದ್ರೆ ಅದು ಬೇರೆ ದೂರು, ನೀರು ಹೊಡೆಸೋದು ಅವರ ಕೆಲಸ. ರಾಯಚೂರು ಸ್ಟೇಷನ್ ಪೂರ್ತಿ ಓಡಿದ ದಿನ ಒಂಬತ್ತು ಸಾವಿರ ಟನ್ ಮೇಲೆ ಬೂದಿ ಹುಟ್ಟತ್ತೆ, ಅಷ್ಟನ್ನೂ ಸಿಮೆಂಟಿಗೋ ಇಟ್ಟಿಗೆಗೋ ರಸ್ತೆಗೋ ಕೊಟ್ಟು ಖಾಲಿ ಮಾಡಬೇಕು ಅಂತ 2021ರ ಅಧಿಸೂಚನೆ ಇದೆ.

ಬೇಡ ಅಂದಿದ್ದು ಗಂಧಕ ಹಿಡಿಯೋ ಎಫ್‌ಜಿಡಿನ. 2015ರಲ್ಲಿ ಎಲ್ಲರೂ ಹಾಕಲೇಬೇಕು ಅಂದ್ರು, ಗಡುವು ಮುಂದಕ್ಕೆ ಹಾಕ್ತಾನೇ ಬಂದ್ರು, 2025ರ ಜುಲೈಲಿ ಹತ್ತು ಲಕ್ಷ ಜನಸಂಖ್ಯೆ ಇರೋ ಊರಿಂದ, ದೆಹಲಿ ಸುತ್ತಿಂದ 10 ಕಿಲೋಮೀಟರ್ ಒಳಗಿದ್ರೆ ಮಾತ್ರ ಕಡ್ಡಾಯ, ತೀರಾ ಮಲಿನ ಜಾಗದ ಹತ್ರ ಇರೋರದ್ದು ಒಂದೊಂದಾಗಿ ನೋಡ್ತೀವಿ, ಮಿಕ್ಕ ಮುಕ್ಕಾಲು ಪಾಲಿಗೆ ಬೇಡ ಅಂದ್ರು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಅರ್ಧ ಪರ್ಸೆಂಟ್ ಆಸುಪಾಸು ಅನ್ನೋದು ಅವರ ವಾದ, ಅದು ನಿಜವೂ ಹೌದು. ಆದ್ರೆ ಕಮ್ಮಿ ಅಂದ್ರೂ ಅಷ್ಟು ಸಾವಿರ ಟನ್‌ನಲ್ಲಿ ಎಷ್ಟಾಯ್ತು, ಅದು ಗಾಳೀಲಿ ಸಣ್ಣ ಕಣ ಆಗಿ ಹತ್ತು ಕಿಲೋಮೀಟರ್ ಬೋರ್ಡ್ ನೋಡ್ಕೊಂಡು ನಿಲ್ಲಲ್ಲ. ಹತ್ತು ವರ್ಷ ಕಾಯಿಸಿ ಬೇಡ ಅಂದಿದ್ದು ನನಗೆ ಸರಿ ಕಾಣಲಿಲ್ಲ.

ಪ್ರಶ್ನೆ: ಕಲ್ಲಿದ್ದಲಿನ ಜಿಎಸ್‌ಟಿ 5ರಿಂದ 18 ಆಯ್ತಂತೆ. ಬಿಲ್ ಏರತ್ತಾ? (ಓದುಗರು, ಮೈಸೂರು)

ಉತ್ತರ: ಕೇಳೋಕೆ ಏರೋ ಹಾಗಿದೆ, ಆದ್ರೆ 2025ರ ಸೆಪ್ಟೆಂಬರ್ 22ರಿಂದ ಟನ್‌ಗೆ 400 ರೂಪಾಯಿ ಸೆಸ್ ಕೂಡ ತೆಗೆದ್ರು. ಟನ್ 1,500 ರೂಪಾಯಿ ಮಾಲಿಗೆ ಮುಂಚೆ 75 ತೆರಿಗೆ, 400 ಸೆಸ್, ಒಟ್ಟು 475, ಈಗ 270. ಟನ್‌ಗೆ 205 ಉಳೀತು, ಯೂನಿಟ್‌ಗೆ 14 ಪೈಸೆ. ಟನ್ 3,077 ರೂಪಾಯಿ ಹತ್ರ ಎರಡೂ ಸಮ, ಅದಕ್ಕಿಂತ ದುಬಾರಿ ಮಾಲಿಗೆ, ಅಂದ್ರೆ ಆಮದಿಗೆ, ಹೊರೆ ಜಾಸ್ತಿ ಆಗತ್ತೆ. ಈ 14 ಪೈಸೆ ನಿಮ್ಮ ಮನೇವರೆಗೂ ಬಂತಾ ಅಂತ ನೋಡಬೇಕಂದ್ರೆ ಬಿಲ್ಲಲ್ಲಿ ಎಫ್‌ಪಿಪಿಸಿಎ (ಇಂಧನ, ವಿದ್ಯುತ್ ಖರೀದಿ ಖರ್ಚಿನ ಹೊಂದಾಣಿಕೆ) ಅಂತ ಒಂದು ಸಾಲಿರತ್ತೆ, ಅಲ್ಲಿ ಹುಡುಕಿ.